ಕಾರಣ ಕೇಳಿದವಳು

"ಅಕ್ಕ, ಮಗು ಯಾಕೋ ಸರಿ ಇಲ್ಲ ಅನ್ನಿಸ್ತಿದೆ."

ನನ್ನ ತಂಗಿ ಹೀಗೆಂದಾಗ ಮಧ್ಯಾಹ್ನದ ಬಿಡುವು. ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ, ಒದ್ದೆ ಕೈಗಳನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ ನಿಂತಿದ್ದಳು. ನಾನು ಪ್ರೌಢಶಾಲೆಯಲ್ಲಿ ರೇಖಾಗಣಿತ ಕಲಿಸುವವಳು. ಅವಳು ಅದೇ ಆವರಣದ ಹಿಂಬದಿಯಲ್ಲಿರುವ ಶಿಶುವಿಹಾರದಲ್ಲಿ ಆಯಾ. ಇಪ್ಪತ್ತೆರಡು ಮಕ್ಕಳಿಗೆ ಉಣ್ಣಿಸಿ, ಮೂಗೊರೆಸಿ, ಮಲಗಿಸುವುದು ಅವಳ ಕೆಲಸ. ಆ ಇಪ್ಪತ್ತೆರಡರಲ್ಲಿ ಮೂರು ವರ್ಷದ ನನ್ನ ಮಗಳೂ ಒಬ್ಬಳು.

"ಜ್ವರವಾ?" ಎಂದೆ, ಉತ್ತರಪತ್ರಿಕೆಯಿಂದ ತಲೆ ಎತ್ತದೆ.

"ಇಲ್ಲ."

"ವಾಂತಿ, ಭೇದಿ?"

"ಇಲ್ಲ."

"ಊಟ?"

"ಮಾಡಿದ್ಲು. ನನ್ನ ತಟ್ಟೇಲಿದ್ದದ್ದನ್ನೂ ತಿಂದ್ಲು."

"ಮತ್ತೆ ಸರಿ ಇಲ್ಲದೆ ಇರೋದು ಏನು?"

"ಅದೇ ಗೊತ್ತಾಗ್ತಿಲ್ಲ. ಅವಳನ್ನ ನೋಡಿದ್ರೆ ಎದೆ ಧಸಕ್ ಅನ್ನುತ್ತೆ."

"ಧಸಕ್ ಅಂದಿದ್ದು ನಿನ್ನ ಎದೆ. ಹಾಗಾದ್ರೆ ಡಾಕ್ಟರ ಹತ್ತಿರ ನಿನ್ನ ಕರ್ಕೊಂಡು ಹೋಗ್ಬೇಕು, ಮಗೂನಲ್ಲ."

ಕೊಠಡಿಯಲ್ಲಿದ್ದವರೆಲ್ಲ ನಕ್ಕರು. "ಏನ್ ಟೀಚರಮ್ಮ, ಒಡಹುಟ್ಟಿದೋರಿಗೂ ಗ್ರೇಸ್ ಮಾರ್ಕ್ಸ್ ಇಲ್ವಾ ನಿಮ್ಮಲ್ಲಿ?" ಎಂದರು ಚಿತ್ರಕಲೆಯ ಮೇಷ್ಟ್ರು.

"ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜಾತಿ ನಾನಲ್ಲ ಮೇಷ್ಟ್ರೇ."

ಮತ್ತೆ ನಗು. ತಂಗಿಯೂ ನಕ್ಕಳು. ಏಪ್ರನ್ ಸರಿಮಾಡಿಕೊಂಡು ಮೆಟ್ಟಿಲಿಳಿದು ಶಿಶುವಿಹಾರದ ಕಡೆ ಹೋದಳು. ನಾನು ಕೆಂಪು ಪೆನ್ನಿನಿಂದ ಮುಂದಿನ ಪತ್ರಿಕೆಯ ಮೇಲೆ ಅಡ್ಡಗೆರೆ ಎಳೆದೆ. ಆ ನಗುವಿನಿಂದ ನನಗೆ ಹೆಮ್ಮೆಯಾಗಿತ್ತೆಂಬುದನ್ನು ಮರೆಮಾಚಿ ಈ ಕಥೆ ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಕಾರಣ ಕೇಳುವ ಈ ಹಟ ನನಗೆ ಪುಸ್ತಕದಿಂದ ಬಂದದ್ದಲ್ಲ. ನಮ್ಮ ತಾಯಿ ಬಾಲಕಿಯರ ವಸತಿಶಾಲೆಯೊಂದರಲ್ಲಿ ಕೋಣೆ ಗುಡಿಸಿ ಒರೆಸುವ ಕೆಲಸಕ್ಕಿದ್ದಳು. ನನಗೆ ಹದಿನಾರು, ತಂಗಿಗೆ ಆರು ವರ್ಷವಿದ್ದಾಗ ಅಲ್ಲಿನ ಮುಖ್ಯೋಪಾಧ್ಯಾಯಿನಿಯ ಕೈಗಡಿಯಾರ ಕಾಣೆಯಾಯಿತು. ಆ ಕೋಣೆಗೆ ದಿನಕ್ಕೆ ಮೂವತ್ತು ಜನ ಬಂದುಹೋಗುತ್ತಿದ್ದರು. ಆದರೂ ಅಷ್ಟು ಓದಿದ ಆ ಹೆಂಗಸು ಎಲ್ಲರೆದುರು ನನ್ನ ತಾಯಿಯ ಕಡೆ ಬೆರಳು ತೋರಿಸಿ, "ನನ್ನ ಮನಸ್ಸು ಹೇಳುತ್ತೆ, ಇವಳೇ" ಎಂದಳು. ಅಷ್ಟೇ ಸಾಕ್ಷಿ, ಅಷ್ಟೇ ತೀರ್ಪು. ಮೂರು ತಿಂಗಳ ನಂತರ ಮೇಜಿಗೆ ಪಾಲಿಶ್ ಹಾಕಿಸಲು ಖಾನೆ ಹೊರಗೆಳೆದಾಗ ಗಡಿಯಾರ ಅದರ ಹಿಂಬದಿಯಲ್ಲಿ ಸಿಕ್ಕಿತು. ಆಕೆ ಗೇಟಿನ ಕಾವಲುಗಾರನ ಕೈಯಲ್ಲಿ ನಮ್ಮ ಮನೆಗೆ ಒಂದೇ ಮಾತು ಹೇಳಿಕಳಿಸಿದಳು: "ಸಿಕ್ಕಿತಂತೆ." ಕ್ಷಮೆಯಿಲ್ಲ, ಕೆಲಸವೂ ಇಲ್ಲ. ನನ್ನ ತಾಯಿ ಆಮೇಲೆ ನಾಲ್ಕು ಮನೆಗಳ ಪಾತ್ರೆ ತೊಳೆದು ನಮ್ಮನ್ನು ಸಾಕಿದಳು. ಸಾಯುವವರೆಗೂ ಯಾರ ಮನೆಯಿಂದ ಹೊರಡುವಾಗಲೂ, ಬಂಧುಗಳ ಮನೆಯಿಂದ ಕೂಡ, ಹೊಸ್ತಿಲಲ್ಲಿ ನಿಂತು ಎರಡೂ ಅಂಗೈ ಬಿಚ್ಚಿ ತೋರಿಸಿಯೇ ಹೊರಡುತ್ತಿದ್ದಳು. ಯಾರೂ ಕೇಳಿರುತ್ತಿರಲಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ನಾನೊಂದು ಕಟ್ಟಳೆ ಮಾಡಿದೆ. 'ನನಗೆ ಹಾಗನ್ನಿಸಿತು' ಎಂಬುದನ್ನು ಯಾರೂ ಕಾರಣವೆಂದು ಹೇಳಕೂಡದು. ಬೇಡವೆನ್ನುವವರು ಏಕೆ ಬೇಡವೆಂದು ಹೇಳಬೇಕು; ಹೇಳಲಾಗದಿದ್ದರೆ ಒಪ್ಪಿಕೊಳ್ಳಬೇಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಊಟಕ್ಕೆ ಕೂತಾಗಲೆಲ್ಲ ತಂಗಿಯ ಕಿವಿಯಲ್ಲಿ ತುಂಬಿದೆ. ಕಟ್ಟಳೆ ನ್ಯಾಯವಾದದ್ದೇ. ಕಾರಣ ಹೇಳದೆ ಇನ್ನೊಬ್ಬರ ಬಾಳು ಮುರಿಯುವ ಹಕ್ಕು ಯಾರಿಗೂ ಇಲ್ಲವೆಂದು ಇಂದಿಗೂ ನಂಬಿದ್ದೇನೆ.

ಆದರೆ ನನ್ನ ತಂಗಿ ಬೇರೆಯೇ ಹದದವಳು. ಗಿಡ್ಡಗೆ, ಚುರುಕಾಗಿ, ಕೂತಲ್ಲಿ ಕೂರದೆ ತಿರುಗುತ್ತಿದ್ದುದರಿಂದ ಎಲ್ಲರೂ ಅವಳನ್ನು ಗುಬ್ಬಿ ಎಂದೇ ಕರೆಯುತ್ತಿದ್ದರು. ಒಂಬತ್ತನೇ ತರಗತಿಯಲ್ಲಿ ಅವಳಿಗೆ ನಾನೇ ಅಧ್ಯಾಪಕಿ. ಎರಡು ತ್ರಿಭುಜಗಳನ್ನು ಹಲಗೆಯ ಮೇಲೆ ಬರೆಯುತ್ತಿದ್ದಂತೆಯೇ "ಅವೆರಡೂ ಒಂದೇ" ಎನ್ನುತ್ತಿದ್ದಳು. ಸರಿಯಾಗಿಯೇ ಇರುತ್ತಿತ್ತು. ಎಡಕ್ಕೆ ಹೇಳಿಕೆ, ಬಲಕ್ಕೆ ಕಾರಣ ಬರೆಯೆಂದರೆ ಬಲಬದಿ ಖಾಲಿ. "ಅಂಗೈ ಹುಣ್ಣಿಗೆ ಕನ್ನಡಿ ಯಾಕಕ್ಕ? ಕಣ್ಣಿಗೆ ಕಾಣ್ತಿದೆಯಲ್ಲ!" ಎನ್ನುತ್ತಿದ್ದಳು. ನಾನು ಸೊನ್ನೆ ಕೊಡುತ್ತಿದ್ದೆ. ಎರಡು ಸಲ ನಪಾಸಾಗಿ ಓದು ಬಿಟ್ಟಳು. ನನ್ನ ಮದುವೆಯಾದ ಮೇಲೆ ನಮ್ಮೊಂದಿಗೇ ಉಳಿದಳು.

ಗುಬ್ಬಿಗೆ ಅನ್ನಿಸಿದ್ದೆಲ್ಲ ನಿಜವಾಗುತ್ತಿತ್ತೆಂದು ನಾನು ಹೇಳುತ್ತಿಲ್ಲ. ಹೊಸದಾಗಿ ಬಂದ ಹಾಲಿನವನು ಕಳ್ಳನೆಂದಳು. ಅವನಷ್ಟು ಪ್ರಾಮಾಣಿಕನನ್ನು ಆ ಬೀದಿ ಮತ್ತೆ ಕಾಣಲಿಲ್ಲ. ನೀಲಿ ಬಣ್ಣದ ಬಸ್ಸು ಹತ್ತಬೇಡವೆಂದು ಒಮ್ಮೆ ನನ್ನ ತೋಳು ಹಿಡಿದೆಳೆದಳು; ನೀಲಿ ಬಸ್ಸು ಕ್ಷೇಮವಾಗಿ ಹೋಗಿ ಬಂತು, ನಾನು ಮಾತ್ರ ಶಾಲೆಗೆ ತಡವಾಗಿ ಹೋಗಿ ಬೈಸಿಕೊಂಡೆ. ಇವೆಲ್ಲ ನನ್ನ ಕಟ್ಟಳೆಗೆ ಬಲ ಕೊಟ್ಟವು.

ಅಧ್ಯಾಪಕರ ಕೊಠಡಿಯ ಆ ಮಾತಾದ ಮೂರು ವಾರಕ್ಕೆ, ಒಂದು ಭಾನುವಾರ ಬೆಳಗ್ಗೆ, ಅವಳು ಮತ್ತೆ ಪ್ರಸ್ತಾಪ ಎತ್ತಿದಳು. ಈ ಸಲ ಸಿದ್ಧಳಾಗಿ ಬಂದಿದ್ದಳು. ನನ್ನ ಪತಿ ಮುದ್ರಣಾಲಯದಲ್ಲಿ ಕರಡು ತಿದ್ದುವವರು; ಭಾನುವಾರವೂ ಅಚ್ಚಿನ ಹಾಳೆಗಳನ್ನು ಮನೆಗೆ ತರುತ್ತಿದ್ದರು. ಅವರು ಮೇಜಿನ ಒಂದು ತುದಿಯಲ್ಲಿ, ನಾನು ಇನ್ನೊಂದು ತುದಿಯಲ್ಲಿ. ಮಗಳು ಒಳಕೋಣೆಯಿಂದ ಹೊರಬಾಗಿಲವರೆಗಿನ ಉದ್ದನೆಯ ಓಣಿಯಲ್ಲಿ ಗೋಡೆಗೆ ಕೈ ಸವರುತ್ತ ಹೋಗಿ ಬಂದು ಮಾಡುತ್ತಿದ್ದಳು. ಆ ನಡಿಗೆ ನೋಡಿಯೇ ಅವಳಪ್ಪ ಕೆಲವು ತಿಂಗಳಿಂದ ಅವಳನ್ನು ಇರುವೆ ಎಂದು ಕರೆಯುತ್ತಿದ್ದುದು. ಹೆಸರು ಎಲ್ಲರಿಗೂ ಹಿಡಿಸಿತ್ತು.

"ಅಕ್ಕ, ಇರುವೆ ವಿಷಯ ಹೇಳಿದ್ನಲ್ಲ..."

"ಏನಂತೆ, ಎದೆ ಇನ್ನೂ ಧಸಕ್ ಅಂತಿದೆಯಾ?"

"ನಮ್ಮನೇಲಿ 'ಅನ್ನಿಸ್ತು' ಅನ್ನೋದು ಅಚ್ಚಿನ ದೋಷ ಕಣೇ ಗುಬ್ಬಿ," ಎಂದರು ಪತಿ, ಹಾಳೆಯಿಂದ ಕಣ್ಣು ಕೀಳದೆ. "ಕಂಡ ಕೂಡ್ಲೇ ಹೊಡೆದುಹಾಕ್ತಾರೆ."

"ನೀವು ಸುಮ್ನಿರಿ ಭಾವ." ಅವಳು ನನ್ನ ಕಡೆ ತಿರುಗಿದಳು. "ಕಾರಣ ಇದೆ. ಅವಳು ಸರಿಯಾಗಿ ಊಟ ಮಾಡ್ತಿಲ್ಲ. ಇಳಿದುಹೋಗಿದಾಳೆ."

ಅದು ಸುಳ್ಳು. ಹೇಳುವಾಗ ಅವಳ ಕಿವಿ ಕೆಂಪಾದದ್ದನ್ನು ನಾನು ಕಂಡೆ. ಈಗ ಅರ್ಥವಾಗುತ್ತದೆ: ಕಾರಣವಿಲ್ಲದೆ ಬಾಗಿಲು ತೆರೆಯದ ಮನೆಯಲ್ಲಿ, ಕೈಗೆ ಸಿಕ್ಕಿದ ಯಾವುದೋ ಬೀಗದಕೈ ಹಿಡಿದುಕೊಂಡು ಬಂದಿದ್ದಳು. ಅಂದು ಮಾತ್ರ ನನಗೆ ಉತ್ಸಾಹ ಬಂತು. ಮರುದಿನವೇ ಶಾಲೆಯ ತೂಕದ ಯಂತ್ರದ ಮೇಲೆ ಮಗಳನ್ನು ನಿಲ್ಲಿಸಿದೆ. ಮೂರು ತಿಂಗಳಲ್ಲಿ ಆರುನೂರು ಗ್ರಾಂ ಹೆಚ್ಚಿದ್ದಳು. ಅಷ್ಟಕ್ಕೂ ಬಿಡದೆ, ಸಂಜೆ ಬೀದಿ ಕೊನೆಯ ಡಾಕ್ಟರ ಬಳಿಗೂ ಕರೆದೊಯ್ದು, "ಊಟ ಸೇರ್ತಿಲ್ಲ ಅಂತಾಳೆ ಇವಳ ಚಿಕ್ಕಮ್ಮ" ಎಂದೆ. ಅವರು ಹೊಟ್ಟೆ ಒತ್ತಿ, ನಾಲಿಗೆ ನೋಡಿ, ನಕ್ಕು, ಒಂದು ಟಾನಿಕ್ ಬರೆದುಕೊಟ್ಟರು. ಅವರದು ತಪ್ಪಲ್ಲ. ನಾವು ತೋರಿಸಿದ್ದು ಹೊಟ್ಟೆಯನ್ನು.

ಮನೆಗೆ ಬಂದು ಚೀಟಿಯನ್ನು ಗುಬ್ಬಿಯ ಮುಂದಿಟ್ಟೆ.

"ಓದು."

"ಓದಿದೆ."

"ಏನಿದೆ?"

"ಟಾನಿಕ್."

"ಊಟ ಮಾಡ್ತಿಲ್ಲ ಅಂದೆ. ಆರುನೂರು ಗ್ರಾಂ ಜಾಸ್ತಿ ಇದಾಳೆ. ಈಗೇನು ಹೇಳ್ತೀ?"

ಅವಳು ಚೀಟಿಯನ್ನು ಎರಡು ಸಲ ಮಡಿಸಿದಳು. "ಊಟದ್ದು ನಾನು ಸುಮ್ನೆ ಹೇಳ್ದೆ ಅಕ್ಕ. ಆದ್ರೆ ಸರಿ ಇಲ್ದೆ ಇರೋದು ನಿಜ."

"ಸುಮ್ಮನೆ ಹೇಳಿದೆಯಾ? ಮಗುವಿನ ಆರೋಗ್ಯದ ವಿಷಯದಲ್ಲಿ ಸುಳ್ಳಾ?" ನನ್ನ ದನಿ ಏರಿತು. "ಅಮ್ಮನ ಮೇಲೂ ಒಬ್ಬಳು ಹೀಗೇ 'ಮನಸ್ಸು ಹೇಳುತ್ತೆ' ಅಂದಿದ್ಲು. ನೆನಪಿದೆಯಾ? ಇನ್ನು ಮೇಲೆ ಕಾರಣ ಇಲ್ದೆ ಈ ವಿಷಯದಲ್ಲಿ ಬಾಯಿ ಬಿಡಬೇಡ."

"ಆಯ್ತಕ್ಕ," ಎಂದಳು.

ಆಮೇಲೆ ನಾಲ್ಕು ತಿಂಗಳು ಅವಳು ಬಾಯಿ ಬಿಡಲಿಲ್ಲ.

ಆ ಸಂಜೆ ನಾನು ಮಾಡಿದ್ದು ತರ್ಕವೆಂದೇ ನಂಬಿದ್ದೆ. ಅದು ತರ್ಕವಾಗಿರಲಿಲ್ಲ. ವಿದ್ಯಾರ್ಥಿಯೊಬ್ಬ ಪ್ರಮೇಯಕ್ಕೆ ತಪ್ಪು ಸಾಧನೆ ಬರೆದರೆ ಹೊಡೆದುಹಾಕಬೇಕಾದದ್ದು ಸಾಧನೆಯನ್ನು, ಪ್ರಮೇಯವನ್ನಲ್ಲ. ತಪ್ಪು ಕಾರಣ ಹೇಳಿದ ಮಾತ್ರಕ್ಕೆ ಹೇಳಿದ ಸಂಗತಿ ಸುಳ್ಳಾಗುವುದಿಲ್ಲ. ಇದನ್ನು ವರ್ಷವರ್ಷವೂ ಹಲಗೆಯ ಮೇಲೆ ಬರೆದು ಎರಡು ಗೆರೆ ಎಳೆಯುತ್ತಿದ್ದವಳು ನಾನೇ. ಆ ಮುಖ್ಯೋಪಾಧ್ಯಾಯಿನಿಯನ್ನೂ ನನ್ನ ತಂಗಿಯನ್ನೂ ಒಂದೇ ತಕ್ಕಡಿಯಲ್ಲಿಟ್ಟೆನಲ್ಲ, ಅದು ಇನ್ನೂ ದೊಡ್ಡ ಅನ್ಯಾಯ. ಮುಖ್ಯೋಪಾಧ್ಯಾಯಿನಿಯ ಮನಸ್ಸು ಬಡ ಹೆಂಗಸೊಬ್ಬಳಿಗೆ ಶಿಕ್ಷೆಯಾಗಲಿ ಎಂದಿತ್ತು. ಗುಬ್ಬಿಯ ಮನಸ್ಸು, ಮಗುವನ್ನು ಒಮ್ಮೆ ಸರಿಯಾಗಿ ನೋಡು ಎಂದಿತ್ತು, ಅಷ್ಟೇ. ಶಿಕ್ಷಿಸಲು ಕಾರಣ ಬೇಕು. ನೋಡುವುದಕ್ಕೆ ಯಾವ ಕಾರಣ ಬೇಕಿತ್ತು? ನಾನು ಬಾಯಿಪಾಠ ಮಾಡಿಸಿದ ಆ ಗಾದೆಯೂ ಕೊನೆಗೆ ಹೇಳುವುದು 'ನೋಡು' ಎಂದೇ.

ಆ ನಾಲ್ಕು ತಿಂಗಳು ಕಳೆದು ಇನ್ನೊಂದು ಭಾನುವಾರ. ಪತಿ ತಿದ್ದಿ ಮುಗಿಸಿದ ಹಾಳೆಯೊಂದನ್ನು ಸುರುಳಿ ಸುತ್ತಿ ಮಗಳಿಗೆ ದುರ್ಬೀನು ಮಾಡಿಕೊಟ್ಟರು. ಅವಳು ಬಲಗಣ್ಣಿಗೆ ಹಿಡಿದು ಕಿಟಕಿಯಾಚೆ ಎದುರು ಮನೆಯ ತಂತಿಯ ಮೇಲೆ ಒಣಗುತ್ತಿದ್ದ ಬಟ್ಟೆಗಳನ್ನು ಎಣಿಸುತ್ತಿದ್ದಳು.

"ಇರುವೆ, ಈಗ ಆ ಕಣ್ಣಿಗೆ ರಜ. ಈ ಕಣ್ಣಲ್ಲಿ ನೋಡು," ಎಂದು ಅವರು ಸುರುಳಿಯನ್ನು ಎಡಗಣ್ಣಿಗೆ ಸರಿಸಿ, ಬಲಗಣ್ಣನ್ನು ಅಂಗೈಯಿಂದ ಮುಚ್ಚಿದರು. "ಎಷ್ಟು ಬಟ್ಟೆ?"

"ಈ ಕಣ್ಣಲ್ಲಿ ಬಟ್ಟೆ ಬರಲ್ಲ ಅಪ್ಪ."

"ಮತ್ತೇನು ಬರುತ್ತೆ?"

"ಕತ್ತಲೆ."

ಎಲ್ಲರ ಒಂದು ಕಣ್ಣಲ್ಲೂ ಕತ್ತಲೆಯೇ ಇರುತ್ತದೆಂದು ತಿಳಿದವಳಂತೆ, ಯಾವ ದೂರೂ ಇಲ್ಲದ ದನಿಯಲ್ಲಿ ಹೇಳಿದಳು. ಪತಿಯ ಕೈ ಅವಳ ಮುಖದ ಮೇಲೆಯೇ ನಿಂತುಬಿಟ್ಟಿತು. ಗುಬ್ಬಿ ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿ ಬಂದು ಬಾಗಿಲಲ್ಲಿ ನಿಂತಳು. ನನ್ನ ಕಡೆ ನೋಡಲಿಲ್ಲ.

ದೊಡ್ಡ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಎರಡು ದಿನ ಪರೀಕ್ಷೆ ನಡೆಯಿತು. ಮೂರನೆಯ ದಿನ ನಮ್ಮನ್ನು ಒಳಗೆ ಕರೆದರು. ಡಾಕ್ಟರು ಕಿರಿಯ ವಯಸ್ಸಿನ ಹೆಣ್ಣುಮಗಳು. ನನ್ನ ಹಳೆಯ ವಿದ್ಯಾರ್ಥಿನಿಯಾಗಿರಬಹುದಾದಷ್ಟು ಕಿರಿಯಳು. ಎಡಗಣ್ಣಿನ ಒಳಗೆ ಗಡ್ಡೆ, ಅದು ನರದ ದಾರಿ ಹಿಡಿದು ತಲೆಯ ಕಡೆಗೆ ಹೋಗಿದೆ ಎಂದರು. ಬಳಿಕ ಪೆನ್ನು ಹಿಡಿದು ಕೇಳಿದರು: "ಮೊದಲು ಗಮನಿಸಿದ್ದು ಯಾರು?"

"ನಾನು," ಎಂದಳು ಗುಬ್ಬಿ.

"ಏನು ಗಮನಿಸಿದ್ರಿ?"

ನನ್ನ ತಂಗಿ ಎದ್ದು ನಿಂತಳು. ಶಾಲೆಯಲ್ಲಿ ಪ್ರಶ್ನೆ ಕೇಳಿದಾಗ ಏಳುವ ಹಾಗೆ.

"ಎಡಗಡೆಯಿಂದ ಕರೆದ್ರೆ ಕಣ್ಣು ತಿರುಗಿಸ್ತಿರ್ಲಿಲ್ಲ ಡಾಕ್ಟ್ರೇ, ಇಡೀ ತಲೆ ತಿರುಗಿಸ್ತಿದ್ಲು. ಎಡಗಡೆ ಕೂತ ಮಗು ಮುಟ್ಟಿದ್ರೆ ಬೆಚ್ಚಿಬೀಳ್ತಿದ್ಲು, ಬಲಗಡೆ ಕೂತೋರು ಮುಟ್ಟಿದ್ರೆ ಇಲ್ಲ. ಲೋಟಕ್ಕೆ ನೀರು ಹಾಕೋವಾಗ ಹೊರಗೆ ಚೆಲ್ತಿದ್ಲು, ಆಮೇಲೆ ಒಂದು ಬೆರಳು ಲೋಟದ ಒಳಗಿಟ್ಟು ಹಾಕೋದು ಕಲಿತ್ಲು. ಕೊನೇ ಮೆಟ್ಟಲು ಇಳಿಯೋ ಮುಂಚೆ ಕಾಲಲ್ಲಿ ತಡವಿ ನೋಡ್ತಿದ್ಲು. ಬೆಳಗ್ಗೆ ಕಿಟಕಿ ಹತ್ರ ಕೂರಿಸಿಕೊಂಡು ತಲೆ ಬಾಚೋವಾಗ ಒಂದೊಂದ್ಸಲ ಆ ಕಣ್ಣೊಳಗೆ ಬೆಕ್ಕಿನ ಕಣ್ಣಿನ ಹಾಗೆ ಬೆಳ್ಳಗೆ ಹೊಳೀತಿತ್ತು, ತಲೆ ಆ ಕಡೆ ಈ ಕಡೆ ಮಾಡಿದ್ರೆ ಇರ್ತಿರ್ಲಿಲ್ಲ. ಮತ್ತೆ ಮನೇಲಿ ಓಣಿ ಗೋಡೆ ಹಿಡ್ಕೊಂಡೇ ಓಡಾಡೋಳು. ಹೋಗುವಾಗ ಈ ಕಡೆ ಗೋಡೆ, ಬರುವಾಗ ಆ ಕಡೆ ಗೋಡೆ. ಯಾವಾಗ್ಲೂ ಎಡಗೈ."

ಒಂದಾದ ಮೇಲೊಂದು, ಕ್ರಮ ತಪ್ಪದೆ, ಎಲ್ಲಿಯೂ ತಡವರಿಸದೆ. ಇಪ್ಪತ್ತು ವರ್ಷ ಅಧ್ಯಾಪನ ಮಾಡಿದರೂ ಅಷ್ಟು ನಿರ್ದುಷ್ಟವಾದ ಸಾಧನೆಯನ್ನು ನಾನು ಯಾವ ವಿದ್ಯಾರ್ಥಿಯ ಬಾಯಲ್ಲೂ ಕೇಳಿರಲಿಲ್ಲ. ಅವಳ ಕೈ ಸವರಿ ಓಣಿಯ ಗೋಡೆಯ ಮೇಲೆ ಮೂಡುತ್ತಿದ್ದ ಕೊಳೆಗೆರೆಯನ್ನು ವಾರಕ್ಕೊಮ್ಮೆ ಸೋಪುನೀರಿನಲ್ಲಿ ಉಜ್ಜಿ ತೆಗೆಯುತ್ತಿದ್ದವಳು ನಾನು. ಮಗುವಿನ ಕೈಗೆ ಒಂದೆರಡು ಪೆಟ್ಟು ಕೂಡ ಕೊಟ್ಟಿದ್ದೆ.

ಡಾಕ್ಟರ ಮುಖ ಬಿಗಿಯಿತು. "ಇಷ್ಟೆಲ್ಲ ಗೊತ್ತಿದ್ದೂ ಯಾಕಮ್ಮ ಕರ್ಕೊಂಡು ಬರ್ಲಿಲ್ಲ?"

"ಆವಾಗ ಇಷ್ಟೆಲ್ಲ ಗೊತ್ತಿರ್ಲಿಲ್ಲ ಡಾಕ್ಟ್ರೇ. ಕಂಡಿತ್ತು, ಆದ್ರೆ ಹೇಳೋಕೆ ಬರ್ತಿರ್ಲಿಲ್ಲ. ಸರಿ ಇಲ್ಲ ಅಂತ ಮಾತ್ರ ಗೊತ್ತಿತ್ತು."

"ಅಷ್ಟು ಗೊತ್ತಿದ್ರೆ ಸಾಕಾಗಿತ್ತು! ಮಕ್ಕಳನ್ನ ನೋಡ್ಕೊಳ್ಳೋ ಕೆಲಸದಲ್ಲಿದ್ದೀರಿ. ಮನೇಲಿ ಇವರಿಗಾದ್ರೂ ಹೇಳ್ಬೇಕು ತಾನೇ? ನಾಲ್ಕೈದು ತಿಂಗಳು ಮುಂಚೆ ಬಂದಿದ್ರೆ ಕಣ್ಣು ಹೋಗ್ತಿತ್ತು, ಮಗು ಉಳೀತಿತ್ತು. ಎಷ್ಟು ಬೇಜವಾಬ್ದಾರಿ!"

ಗುಬ್ಬಿ ನನ್ನ ಹೆಸರೆತ್ತಲಿಲ್ಲ. "ನಾನು ಸರಿಯಾಗಿ ಹೇಳ್ಲಿಲ್ಲ ಡಾಕ್ಟ್ರೇ. ತಪ್ಪಾಯ್ತು," ಎಂದು ಕೂತಳು.

ನಾನು ಅಲ್ಲೇ ಇದ್ದೆ. ಬಾಯಿ ಇತ್ತು, ಭಾಷೆ ಇತ್ತು, ಇಪ್ಪತ್ತು ವರ್ಷ ಹಿಂದಿನ ಬೆಂಚಿನವರೆಗೂ ಕೇಳುವಂತೆ ಮಾತಾಡಿದ ಗಂಟಲಿತ್ತು. ಇವಳು ಹೇಳಿದ್ದಳು, ಎರಡು ಸಲ ಹೇಳಿದ್ದಳು, ಬಾಯಿ ಮುಚ್ಚಿಸಿದ್ದು ನಾನು ಎಂಬ ಒಂದು ವಾಕ್ಯ ಆ ಗಂಟಲಿನಿಂದ ಹೊರಡಲಿಲ್ಲ. ಕೂಲಿಯ ಹೆಣ್ಣೊಬ್ಬಳು ಮಾಡದ ತಪ್ಪಿಗೆ ತಲೆ ತಗ್ಗಿಸಿ ನಿಂತಿರುವಾಗ ಓದಿದವಳೊಬ್ಬಳು ನಿಜ ತಿಳಿದ ಮೇಲೂ ಸುಮ್ಮನಿರುವುದನ್ನು ಹದಿನಾರನೆಯ ವಯಸ್ಸಿನಲ್ಲಿ ಕಂಡು ಹಲ್ಲು ಕಚ್ಚಿದ್ದೆ. ಈಗ ನಾನೇ ಆ ಕುರ್ಚಿಯಲ್ಲಿ ಕೂತಿದ್ದೆ.

ಪತಿ ನನ್ನ ಮುಖ ನೋಡಿದರು. ಅಂದಿನಿಂದ ಅವರು ನನ್ನೊಂದಿಗೆ ತಮಾಷೆ ಮಾಡುವುದನ್ನು ನಿಲ್ಲಿಸಿದರು.

ಎಂಟು ದಿನಗಳ ನಂತರ, ಕಣ್ಣು ತೆಗೆದ ಮೇಲೆ, ಒಬ್ಬಳೇ ಹೋಗಿ ಡಾಕ್ಟರಿಗೆ ನಿಜ ಹೇಳಿದೆ. ಅವರು ಕಡತ ತಿರುವುತ್ತಲೇ ಕೇಳಿಸಿಕೊಂಡು, "ಈಗ ಅದರಿಂದ ಏನಾಗ್ಬೇಕು ಮೇಡಂ? ಹೊರಗೆ ಜನ ಕಾಯ್ತಿದಾರೆ" ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ.

ಒಂದು ವರ್ಷ ಔಷಧಿ ನಡೆಯಿತು. ಆ ದಿನಗಳನ್ನು ವರ್ಣಿಸುವ ಮನಸ್ಸು ನನಗಿಲ್ಲ; ಮಕ್ಕಳ ನೋವನ್ನು ವಿಸ್ತಾರವಾಗಿ ಬರೆಯುವವರ ಮೇಲೆ ನನಗೆ ಸಿಟ್ಟಿದೆ. ಕೂದಲು ಉದುರಿದಾಗ ಮಗಳು ದಿಂಬಿನ ಮೇಲಿನ ಎಳೆಗಳನ್ನು ಆರಿಸಿ ಗುಬ್ಬಿಯ ಕೈಗೆ ಕೊಟ್ಟು, "ಚಿಕ್ಕಿ, ಎತ್ತಿಡು, ಮತ್ತೆ ಅಂಟಿಸೋಣ" ಎಂದಳೆಂಬುದಷ್ಟನ್ನು ಹೇಳುತ್ತೇನೆ. ಓಣಿಯ ಗೋಡೆಯನ್ನು ಆಮೇಲೆ ನಾನು ತೊಳೆಯಲಿಲ್ಲ.

ಸುದ್ದಿ ತಿಳಿದು ಪಕ್ಕದ ಮನೆಯ ಹೊಲಿಗೆಯವಳು ಬಂದಳು. ಕುರ್ಚಿಯಲ್ಲಿ ಕೂತು ನಿಟ್ಟುಸಿರು ಬಿಟ್ಟು, "ನನಗೆ ಮೊದಲೇ ಅನ್ನಿಸಿತ್ತು ಕಣ್ರೀ. ಆ ಮಗು ಮುಖದಲ್ಲೇ ಒಂಥರಾ ಇತ್ತು" ಎಂದಳು.

"ಮೊದಲೇ ಅನ್ನಿಸಿದ್ರೆ ಮೊದಲೇ ಹೇಳ್ಬೇಕಿತ್ತು," ಎಂದೆ.

"ಅಯ್ಯೋ, ಹೇಗೆ ಹೇಳೋದು? ಸುಮ್ನೆ ಒಂದು ಮಾತು..."

"ಎಲ್ಲಾ ಮುಗಿದ ಮೇಲೆ ಎಲ್ಲರಿಗೂ ಅನ್ನಿಸಿರುತ್ತೆ. ಅನ್ನಿಸಿದ ದಿನ ಬಂದು, ಬೈಸಿಕೊಂಡು, ಮತ್ತೆ ಬಂದು ಹೇಳೋರು ಒಬ್ಬರೇ ಇದ್ರು ಈ ಮನೇಲಿ. ನೀವು ಎದ್ದು ಹೋಗಿ."

ಅವಳು ಮುಖ ಸಣ್ಣದು ಮಾಡಿಕೊಂಡು ಎದ್ದುಹೋದಳು. ಒಳಗೆ ಔಷಧಿಯ ಲೋಟ ತೊಳೆಯುತ್ತಿದ್ದ ಗುಬ್ಬಿ, "ಪಾಪ, ಸಮಾಧಾನ ಹೇಳೋಕೆ ಬಂದಿದ್ರು ಅಕ್ಕ. ಯಾರ ಮೇಲಿನ ಕೋಪ ಯಾರ ಮೇಲೆ ತೀರಿಸ್ತೀಯ?" ಎಂದಳು. ನನ್ನೊಂದಿಗೆ ಅವಳು ಅಷ್ಟು ದೀರ್ಘವಾಗಿ ಮಾತಾಡಿ ಬಹಳ ದಿನಗಳಾಗಿದ್ದವು. ಉಳಿದಂತೆ ನಮ್ಮ ನಡುವಿನ ಮಾತೆಲ್ಲ ಲೆಕ್ಕದ ಹಾಗೆ: ಎಂಟು ಗಂಟೆಗೆ ಮಾತ್ರೆ, ಏಕೆಂದರೆ ನಾಲ್ಕಕ್ಕೆ ಕೊಟ್ಟಾಗಿದೆ; ಕಿಟಕಿ ಮುಚ್ಚಿದ್ದೇನೆ, ಏಕೆಂದರೆ ಗಾಳಿ ಇದೆ. ನಾನು ಕೇಳದಿದ್ದರೂ ಪ್ರತಿ ಮಾತಿಗೂ ಕಾರಣ ಕೊಡುತ್ತಿದ್ದಳು. ತಾಯಿ ಹೊಸ್ತಿಲಲ್ಲಿ ನಿಂತು ಅಂಗೈ ಬಿಚ್ಚಿ ತೋರಿಸುತ್ತಿದ್ದುದಕ್ಕೂ ಇದಕ್ಕೂ ನನಗೆ ಯಾವ ಭೇದವೂ ಕಾಣಲಿಲ್ಲ. ಅಲ್ಲಿ ಬೆರಳು ತೋರಿಸಿದವಳು ಪರಕೀಯಳಾಗಿದ್ದಳು, ಅಷ್ಟೇ.

ಇನ್ನು ಔಷಧಿಯಿಂದ ಪ್ರಯೋಜನವಿಲ್ಲ, ಮನೆಗೆ ಕರೆದೊಯ್ಯಿರಿ ಎಂದು ಆಸ್ಪತ್ರೆಯವರು ಹೇಳಿದ ದಿನ ನಾನು ಒಂದೇ ಪ್ರಶ್ನೆ ಕೇಳಿದೆ: ಎಷ್ಟು ಕಾಲ? ಎರಡರಿಂದ ಮೂರು ತಿಂಗಳು ಎಂದರು. ಕೊನೆಯ ವಾರಗಳಲ್ಲಿ ಮಗು ಹೆಚ್ಚು ಹೊತ್ತು ಮಲಗುತ್ತದೆ, ಊಟ ಬಿಡುತ್ತದೆ, ಆಗ ತಿಳಿಯುತ್ತದೆ ಎಂದರು. ನನ್ನ ಗಳಿಕೆ ರಜೆಯಲ್ಲಿ ಇಪ್ಪತ್ತು ದಿನ ಮಾತ್ರ ಉಳಿದಿತ್ತು. ನಾನು ಲೆಕ್ಕ ಹಾಕಿದೆ. ಈಗಲೇ ತೆಗೆದುಕೊಂಡರೆ ಕೊನೆಯ ವಾರಗಳಿಗೆ ಇರುವುದಿಲ್ಲ. ಆದ್ದರಿಂದ ಈಗ ಶಾಲೆಗೆ ಹೋಗಬೇಕು, ರಜೆಯನ್ನು ಕೊನೆಗೆ ಕಾದಿಡಬೇಕು. ಗುಬ್ಬಿ ಶಿಶುವಿಹಾರದ ಕೆಲಸ ಬಿಟ್ಟು ಮನೆಯಲ್ಲಿ ಉಳಿದಳು. ನಾನು ಬೆಳಗ್ಗೆ ಎಂಟೂವರೆಗೆ ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದೆ. "ಅಮ್ಮ, ಇವತ್ತು ಯಾವ ಆಕಾರ ಬರೀತೀಯ?" ಎಂದು ಮಗಳು ಹಾಸಿಗೆಯಿಂದ ಕೇಳುತ್ತಿದ್ದಳು. ವೃತ್ತ, ಎನ್ನುತ್ತಿದ್ದೆ. ಚೌಕ, ಎನ್ನುತ್ತಿದ್ದೆ.

ಇಪ್ಪತ್ತಾರನೆಯ ದಿನ ಚಪ್ಪಲಿ ಮೆಟ್ಟುತ್ತಿರುವಾಗ ಗುಬ್ಬಿ ಓಣಿಗೆ ಬಂದಳು.

"ಅಕ್ಕ. ಇವತ್ತು ಹೋಗ್ಬೇಡ."

ಮಗಳು ಅಂದು ಬೇಗ ಎದ್ದಿದ್ದಳು. ಅರ್ಧ ಲೋಟ ಹಾಲು ಕುಡಿದಿದ್ದಳು. ಡಾಕ್ಟರು ಹೇಳಿದ ಒಂದು ಲಕ್ಷಣವೂ ಇರಲಿಲ್ಲ. ಹತ್ತನೇ ತರಗತಿಗೆ ಪರೀಕ್ಷೆ ಇತ್ತು, ಪ್ರಶ್ನೆಪತ್ರಿಕೆಗಳು ನನ್ನ ಚೀಲದಲ್ಲಿದ್ದವು. ನಾನು ಚಪ್ಪಲಿ ಬಿಟ್ಟೆ. ಚೀಲವನ್ನು ಪತಿಯ ಕೈಗೆ ಕೊಟ್ಟು, ಶಾಲೆಗೆ ತಲುಪಿಸಿ ಹಾಗೇ ತಿರುಗಿ ಬನ್ನಿ ಎಂದೆ. ಅವರೂ ಏನೂ ಕೇಳದೆ ಹೊರಟರು.

ಹಾಸಿಗೆಯ ಮೇಲೆ ಅವಳ ಪಕ್ಕ, ಬಲಬದಿಗೆ, ಅವಳಿಗೆ ಕಾಣುವ ಕಡೆ ಮಲಗಿದೆ.

"ಸ್ಕೂಲಿಲ್ವಾ?"

"ಇಲ್ಲ."

"ಯಾಕೆ?"

"ಸುಮ್ನೆ," ಎಂದೆ.

ಅವಳಿಗೆ ಅದು ತಮಾಷೆಯಾಗಿ ಕಂಡಿತು. "ಅಮ್ಮ ಸುಮ್ನೆ ಅಂದ್ಲು ಚಿಕ್ಕಿ!" ಎಂದು ನಕ್ಕಳು. ಆಮೇಲೆ ನನ್ನ ಬೆನ್ನ ಮೇಲೆ ಬೆರಳಿನಿಂದ ಆಕಾರ ಬರೆದು ಏನೆಂದು ಹೇಳಿಸುವ ಆಟವಾಡಿದಳು. ಅವಳು ಬರೆದದ್ದೆಲ್ಲ ಒಂದೇ ಥರ ಇರುತ್ತಿತ್ತು. ಪ್ರತಿ ಸಲವೂ ಬೇರೆ ಬೇರೆ ಹೆಸರು ಹೇಳಿದೆ, ಎಲ್ಲದಕ್ಕೂ "ಸರಿ" ಎಂದಳು. ಹನ್ನೊಂದರ ಹೊತ್ತಿಗೆ ಅವಳಪ್ಪ ಬಂದು ಕಾಲ ಬಳಿ ಕೂತರು. ಹನ್ನೆರಡರ ನಂತರ ಮಾತು ಕಡಿಮೆಯಾಯಿತು. ಎರಡಕ್ಕೆ ಉಸಿರು ಬದಲಾಯಿತು. ಮೂರೂಕಾಲಿಗೆ, ಅವಳ ಒಂದು ಕೈ ಗುಬ್ಬಿಯ ಕೈಯಲ್ಲಿಯೂ ಇನ್ನೊಂದು ನನ್ನ ಕೊರಳ ಸುತ್ತಲೂ ಇದ್ದಾಗ, ನನ್ನ ಮಗಳು ತೀರಿಹೋದಳು.

ಸಂಜೆ ಬಂದವರೆಲ್ಲ ಹೋದ ಮೇಲೆ ನಾವಿಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತಿದ್ದೆವು. ನಾನು ಏನೂ ಕೇಳಿರಲಿಲ್ಲ. ಅವಳೇ ಹೇಳಿದಳು.

"ನನಗೇನೂ ಗೊತ್ತಿರ್ಲಿಲ್ಲ ಅಕ್ಕ. ಹಾಗೆಲ್ಲ ಗೊತ್ತಾಗಲ್ಲ ಯಾರಿಗೂ. ಆಸ್ಪತ್ರೆಯಿಂದ ಬಂದಾಗಿಂದ ದಿನಾ ಬೆಳಗ್ಗೆ, ನೀನು ಚಪ್ಪಲಿ ಹಾಕ್ಕೊಳ್ಳೋವಾಗ, ಹೋಗ್ಬೇಡ ಅನ್ಬೇಕು ಅನ್ನಿಸ್ತಿತ್ತು."

"ದಿನಾನೂ?"

"ದಿನಾನೂ. ಇವತ್ತು ತಡ್ಕೊಳ್ಳೋಕೆ ಆಗ್ಲಿಲ್ಲ, ಅಂದುಬಿಟ್ಟೆ."

"ಮಿಕ್ಕ ದಿನ ಯಾಕೆ ಅನ್ಲಿಲ್ಲ ಗುಬ್ಬಿ?"

ಅವಳು ನನ್ನ ಮುಖ ನೋಡಿದಳು. ಆ ನೋಟದಲ್ಲಿ ದ್ವೇಷವಿದ್ದಿದ್ದರೆ ನಾನು ಹೇಗಾದರೂ ಬದುಕಿಕೊಳ್ಳುತ್ತಿದ್ದೆ.

"ನೀನು ಉಳ್ಕೋತೀಯ ಅಂತ ಗೊತ್ತಿರ್ಲಿಲ್ಲ," ಎಂದಳು.

ಕಾದಿಟ್ಟ ಇಪ್ಪತ್ತು ದಿನಗಳ ರಜೆಯಲ್ಲಿ ಒಂದು ದಿನ ಖರ್ಚಾಗಿತ್ತು. ಉಳಿದ ಹತ್ತೊಂಬತ್ತನ್ನು ಮರುದಿನದಿಂದ ತೆಗೆದುಕೊಂಡೆ.